ಮುಂದಿನ ವರ್ಷವೂ ಅದೇ ಬಾಗಿಲಿಗೆ ಹೋಗಬೇಕು

ಶಾಲೆಗೆ, ಸೇವಾಕಾರ್ಯಕ್ಕೆ ಹಣ ಕೂಡಿಸಲು ಯಾವ ಕಾರ್ಯಕ್ರಮ ಇಟ್ಟುಕೊಳ್ಳಬೇಕು? ಯಕ್ಷಗಾನದ ಆಟವೋ, ನಾಟಕವೋ, ಕ್ರೀಡಾಕೂಟವೋ ಎಂದು ತೀರ್ಮಾನಿಸುವ ಮೊದಲು ಊರವರು ಕೂತು ಯೋಚಿಸಬೇಕಾದ ಸಂಗತಿಗಳು ಇಲ್ಲಿವೆ.

ಮಳೆಗಾಲ ಕಳೆದು ಕೊಯ್ಲು ಮುಗಿಯುತ್ತ ಬಂದಂತೆ ನಮ್ಮ ಊರುಗಳಲ್ಲಿ ರಸೀದಿ ಪುಸ್ತಕಗಳು ಹೊರಬೀಳುತ್ತವೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಒಂದಲ್ಲ ಒಂದು ಶಾಲೆಯ ವಾರ್ಷಿಕೋತ್ಸವ, ಎಲ್ಲೋ ಒಂದು ಕಡೆ ಶತಮಾನೋತ್ಸವ, ಇನ್ನೊಂದು ಕಡೆ ಯಾರದೋ ಚಿಕಿತ್ಸೆಗೆಂದು ಸಹಾಯಾರ್ಥ ಪ್ರದರ್ಶನ. ಅದಕ್ಕೆ ಎರಡು ಮೂರು ತಿಂಗಳು ಮೊದಲೇ ಶಾಲೆಯ ಜಗಲಿಯಲ್ಲಿ ಸಭೆ ಸೇರಿರುತ್ತದೆ. ಶಾಲಾಭಿವೃದ್ಧಿ ಸಮಿತಿಯವರು, ಹಳೆ ವಿದ್ಯಾರ್ಥಿಗಳು, ಮುಖ್ಯ ಶಿಕ್ಷಕರು, ಊರಿನ ನಾಲ್ಕು ಹಿರಿಯರು ಬಂದಿರುತ್ತಾರೆ. ಚಹಾ ಬರುವಷ್ಟರಲ್ಲಿ ಯಾರಾದರೊಬ್ಬರು ಕೇಳಿಬಿಡುತ್ತಾರೆ: ‘ಈ ಸಲ ಏನು ಪ್ರೋಗ್ರಾಂ ಇಟ್ಕೊಳ್ಳೋಣ?’

ಚರ್ಚೆ ಈ ಪ್ರಶ್ನೆಯಿಂದ ಶುರುವಾದರೆ ಉತ್ತರ ಬೇಗ ಸಿಗುತ್ತದೆ. ಹೋದ ವರ್ಷ ಪಕ್ಕದ ಊರಿನವರು ಏನು ಮಾಡಿದರು, ಎಷ್ಟು ಜನ ಸೇರಿದರು ಎಂಬುದು ಎಲ್ಲರ ನೆನಪಿನಲ್ಲಿ ಇರುತ್ತದೆ. ಅದಕ್ಕಿಂತ ದೊಡ್ಡದಾಗಿ ಮಾಡಬೇಕು ಎನ್ನುವಲ್ಲಿಗೆ ಸಭೆ ಮುಗಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಓಡಾಡಿ, ಕಾರ್ಯಕ್ರಮ ಗೆದ್ದಿತೆಂದು ಸಂತೋಷಪಟ್ಟು, ಕೊನೆಗೆ ಲೆಕ್ಕ ಕೂಡಿಸಿದರೆ ಉಳಿದ ಹಣ ಶೌಚಾಲಯದ ಬಾಗಿಲು ಹಾಕಿಸುವುದಕ್ಕೂ ಸಾಲದೆ ಹೋಗುವುದುಂಟು. ಜನ ಕೈಬಿಚ್ಚಿ ಕೊಟ್ಟಿರುತ್ತಾರೆ. ಕೊಟ್ಟದ್ದು ಶಾಮಿಯಾನಕ್ಕೆ, ಮೈಕಿಗೆ, ಫ್ಲೆಕ್ಸಿಗೆ, ಶಾಲು ಹಾರಗಳಿಗೆ ಹೋಗಿರುತ್ತದೆ.

ಶಾಲೆ ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ಈ ವರ್ಷ ಮಾಡಿಗೆ ಹೆಂಚು ಬೇಕು, ಮುಂದಿನ ವರ್ಷ ಬಾವಿಗೆ ಪಂಪು ಬೇಕು, ಅದರಾಚೆ ವರ್ಷ ಅತಿಥಿ ಶಿಕ್ಷಕಿಗೆ ಗೌರವಧನ ಬೇಕು. ಪ್ರತಿ ಸಲವೂ ಕೇಳಬೇಕಾದದ್ದು ಅದೇ ಊರಿನ ಅದೇ ಮನೆಗಳನ್ನು. ಹಾಗಾಗಿ ಕಾರ್ಯಕ್ರಮ ಗೆದ್ದಿತೋ ಇಲ್ಲವೋ ಎಂದು ತಿಳಿಯಲು ನನಗೆ ಕಾಣುವ ಅಳತೆ ಒಂದೇ: ಮುಂದಿನ ವರ್ಷ ಅದೇ ಮನೆಗಳ ಮುಂದೆ ನಿಂತು ಮತ್ತೆ ಕೇಳುವ ಮುಖ ನಮಗೆ ಉಳಿದಿದೆಯೇ? ಈ ಅಳತೆ ಕೈಯಲ್ಲಿದ್ದರೆ ಯಾವ ಕಾರ್ಯಕ್ರಮ ಆರಿಸಬೇಕೆಂಬ ಗೊಂದಲ ಬಹಳಷ್ಟು ತಿಳಿಯಾಗುತ್ತದೆ.

ಸಣ್ಣ ಮೊತ್ತಗಳ ದೊಡ್ಡ ಪರಂಪರೆ

ಜನರಿಂದ ಕೂಡಿಸಿ ವಿದ್ಯೆಯ ಮನೆ ಕಟ್ಟುವುದು ನಮಗೆ ಹೊಸತಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣರು ಕೆಎಲ್‌ಇ ಸಂಸ್ಥೆ ಶುರುಮಾಡಿದಾಗ ಅವರ ಕೈಯಲ್ಲಿ ಬಂಡವಾಳಕ್ಕಿಂತ ಹೆಚ್ಚಾಗಿ ಇದ್ದದ್ದು ಜನರ ಬಳಿಗೆ ಹೋಗುವ ಧೈರ್ಯ. ಆ ಏಳು ಮಂದಿಯನ್ನು ಉತ್ತರ ಕರ್ನಾಟಕ ಸಪ್ತರ್ಷಿಗಳೆಂದೇ ಕರೆಯುತ್ತ ಬಂದಿದೆ. ಲಿಂಗರಾಜ, ಭೂಮರಡ್ಡಿ ಎಂಬ ದಾನಿಗಳ ಹೆಸರನ್ನು ಆ ಸಂಸ್ಥೆಯ ಕಾಲೇಜುಗಳು ಹೊತ್ತವು.

ಕರಾವಳಿಯ ಕಥೆ ಬೇರೆ ಬಗೆಯದು. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆಗೂ ಅಂಗಡಿಗೂ ಏಜೆಂಟ್ ತಾನೇ ಹೋಗಿ ಹಣ ಪಡೆದು ಬರೆದುಕೊಂಡು ಬರುತ್ತಿದ್ದ. ಅದು ದಾನವಲ್ಲ, ಉಳಿತಾಯ. ಆದರೂ ಹಣ ಕೂಡಿಸುವವರು ಅದರಿಂದ ಕಲಿಯಬೇಕಾದದ್ದು ಇದೆ. ಮೊತ್ತ ಚಿಕ್ಕದಿರಲಿ, ಬರುವವರು ತಪ್ಪದೆ ಬರಲಿ, ಕೊಟ್ಟದ್ದು ಕಣ್ಣೆದುರಿಗೇ ಪುಸ್ತಕದಲ್ಲಿ ಬರೆದಾಗಲಿ ಎಂಬ ಮೂರು ಸಂಗತಿ ಕೂಡಿದರೆ ಬಡವರೂ ತಮ್ಮ ಹಣವನ್ನು ನಂಬಿ ಕೊಡುತ್ತಾರೆ.

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರನ್ನು ಇಂದು ನಾಡಿಗೆ ನಾಡೇ ಬಲ್ಲದು. ತಾವು ಶಾಲೆಯ ಮೆಟ್ಟಿಲು ಹತ್ತದಿದ್ದರೂ ತಮ್ಮ ನ್ಯೂಪಡ್ಪುವಿನ ಮಕ್ಕಳಿಗೆ ಶಾಲೆ ಆಗಬೇಕೆಂದು ದಿನದ ದುಡಿಮೆಯಲ್ಲಿ ಉಳಿಸಿದರು, ಕಚೇರಿಗಳ ಬಾಗಿಲಿಗೆ ಅಲೆದರು, ದಾನಿಗಳ ಮುಂದೆ ನಿಂತರು. 2020ರ ಪದ್ಮಶ್ರೀ ಅವರಿಗೆ ಸಂದಿತು. ಪ್ರಶಸ್ತಿ, ಪುರಸ್ಕಾರಗಳ ಹಣವನ್ನೂ ಶಾಲೆಗೇ ಸುರಿದ ಆ ಮನುಷ್ಯನಿಗೆ ಜನ ಮತ್ತೆ ಮತ್ತೆ ಕೊಟ್ಟರು. ಯಾಕೆಂದರೆ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆಂದು ಹೋಗಿ ನೋಡಬಹುದಿತ್ತು. ಯಾವ ವೇದಿಕೆ, ಯಾವ ದೀಪಾಲಂಕಾರವೂ ಇಲ್ಲದೆ ಕೂಡಿದ ಹಣ ಅದು.

ಮೊದಲು ಅಗತ್ಯ, ಆಮೇಲೆ ಕಾರ್ಯಕ್ರಮ

ಆದ್ದರಿಂದ ಸಭೆಯ ಮೊದಲ ಪ್ರಶ್ನೆ ಬದಲಾಗಬೇಕು. ಯಾವುದಕ್ಕೆ ಹಣ ಬೇಕು, ಎಷ್ಟು ಬೇಕು, ಯಾವ ತಿಂಗಳಿಗೆ ಬೇಕು ಎಂಬ ಮೂರಕ್ಕೆ ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆದ ಮೇಲೆ ಕಾರ್ಯಕ್ರಮದ ಮಾತು ಬರಲಿ. ‘ಶಾಲಾ ಅಭಿವೃದ್ಧಿಗಾಗಿ’ ಎಂದು ಬರೆದ ರಸೀದಿಗಿಂತ ‘ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕು ಮತ್ತು ಪೈಪು’ ಎಂದು ಬರೆದ ರಸೀದಿಗೆ ಜನ ಬೇಗ ಸಹಿ ಹಾಕಿಸಿಕೊಳ್ಳುತ್ತಾರೆ. ಮೇಸ್ತ್ರಿಯಿಂದ, ಪ್ಲಂಬರಿನಿಂದ ಅಂದಾಜು ಪಟ್ಟಿ ತರಿಸಿಟ್ಟುಕೊಂಡರೆ ಮಾತಿಗೆ ತೂಕವೂ ಬರುತ್ತದೆ.

ಅಗತ್ಯಗಳಲ್ಲಿಯೂ ಎರಡು ಬಗೆ. ಕೊಳಾಯಿ, ಬೆಂಚು, ಕಾಂಪೌಂಡು ಒಮ್ಮೆ ಮಾಡಿದರೆ ಮುಗಿಯುವಂಥವು. ಇವಕ್ಕೆ ಒಂದು ದಿನದ ಕಾರ್ಯಕ್ರಮ ಸರಿಹೋಗುತ್ತದೆ. ಗೌರವ ಶಿಕ್ಷಕಿಯ ಸಂಬಳ, ಶಾಲಾ ವಾಹನದ ಡೀಸೆಲ್, ಚಾಲಕನ ಪಗಾರ, ವಿಮೆ, ಎಫ್‌ಸಿ ಖರ್ಚು ತಿಂಗಳು ತಿಂಗಳೂ ಬರುವಂಥವು. ಮಕ್ಕಳ ಸಂಖ್ಯೆ ಇಳಿದು ಮುಚ್ಚುವ ಹಂತಕ್ಕೆ ಬಂದ ಕನ್ನಡ ಶಾಲೆಗಳನ್ನು ಉಳಿಸಲು ದಕ್ಷಿಣ ಕನ್ನಡ, ಉಡುಪಿಯ ಕಡೆ ಎಷ್ಟೋ ಹಳೆ ವಿದ್ಯಾರ್ಥಿ ಸಂಘಗಳು ವಾಹನ ಕೊಡಿಸಿವೆ. ವಾಹನ ಕೊಳ್ಳುವ ಹಣ ಒಂದು ಉತ್ಸಾಹದಲ್ಲಿ ಕೂಡುತ್ತದೆ. ಓಡಿಸುವ ಹಣಕ್ಕೆ ಒಂದು ಆಟ ಆಡಿಸಿದರೆ ಸಾಲದು. ಅದಕ್ಕೆ ತಿಂಗಳಿಗೆ ಇಷ್ಟೆಂದು ಒಪ್ಪಿಕೊಂಡ ಐವತ್ತು ಜನರ ಪಟ್ಟಿ ಬೇಕು, ಇಲ್ಲವೇ ಬಡ್ಡಿಯಲ್ಲಿ ನಡೆಯುವಷ್ಟು ಠೇವಣಿ ಬೇಕು. ಯಾವ ಬಗೆಯ ಅಗತ್ಯವೆಂದು ನೋಡದೆ ಕಾರ್ಯಕ್ರಮ ಆರಿಸಿದರೆ ಮೂರನೆಯ ವರ್ಷಕ್ಕೆ ವಾಹನ ಶೆಡ್ಡಿನಲ್ಲಿ ನಿಲ್ಲುತ್ತದೆ.

ಆಟ, ನಾಟಕ ಮತ್ತು ಟಿಕೆಟ್ಟಿನ ಲೆಕ್ಕ

ಕರಾವಳಿ ಮತ್ತು ಮಲೆನಾಡಿನಲ್ಲಿ ಯಕ್ಷಗಾನ, ಬಯಲುಸೀಮೆಯಲ್ಲಿ ಕಂಪನಿ ನಾಟಕ ಇಲ್ಲವೇ ಊರವರೇ ಬಣ್ಣ ಹಚ್ಚಿ ಆಡುವ ನಾಟಕ ಸಹಾಯಾರ್ಥ ಪ್ರದರ್ಶನದ ಹಳೆಯ ದಾರಿಗಳು. ಡೇರೆ ಕಟ್ಟಿ ಆಡುವ ಯಕ್ಷಗಾನ ಮೇಳವನ್ನು ಒಂದು ರಾತ್ರಿಗೆ ಗೊತ್ತುಮಾಡಿ, ಅವರಿಗೆ ವೀಳ್ಯ (ಸಂಭಾವನೆ) ಕೊಟ್ಟು, ಟಿಕೆಟ್ ಮಾರಿ, ಉಳಿದದ್ದನ್ನು ಶಾಲೆಗೆ ಕೊಡುವ ಪದ್ಧತಿ. ಕಲಾವಿದರಿಗೆ ಕೆಲಸ, ಊರಿಗೆ ಒಂದು ರಾತ್ರಿಯ ಸಂತೋಷ, ಶಾಲೆಗೆ ಹಣ. ಮೂವರಿಗೂ ಸಲ್ಲುವ ಈ ವ್ಯವಸ್ಥೆಯನ್ನು ನಾನು ಗೌರವದಿಂದ ಕಾಣುತ್ತೇನೆ. ಅದಕ್ಕಾಗಿಯೇ ಅದರ ಲೆಕ್ಕ ನೇರವಾಗಿ ಹೇಳಬೇಕು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಟಿಕೆಟ್ಟು, ದೇಣಿಗೆ ಸೇರಿ 3 ಲಕ್ಷ ರೂಪಾಯಿ ಬಂತು. ವೀಳ್ಯ, ಕುರ್ಚಿ, ದೀಪ, ಮೈಕು, ಮುದ್ರಣ, ಕಲಾವಿದರ ಊಟ, ಪ್ರಚಾರದ ವಾಹನ ಎಲ್ಲ ಸೇರಿ 2 ಲಕ್ಷ 20 ಸಾವಿರ ಹೋಯಿತು. ಉಳಿದದ್ದು 80 ಸಾವಿರ. ಶಾಲೆಗೆಂದು ನೂರು ರೂಪಾಯಿ ಕೊಟ್ಟವರ ಹಣದಲ್ಲಿ ಶಾಲೆಗೆ ಮುಟ್ಟಿದ್ದು 27 ರೂಪಾಯಿಗಿಂತ ಕಡಿಮೆ. ಇದು ಮೋಸವಲ್ಲ, ಜನ ಆಟವನ್ನೂ ನೋಡಿದ್ದಾರೆ. ಆದರೆ ಈ ಅಂಕಿಯನ್ನು ಸಮಿತಿ ಮೊದಲೇ ಬರೆದು ನೋಡಬೇಕು. ಅರ್ಧದಷ್ಟು ಟಿಕೆಟ್ ಮಾತ್ರ ಹೋದರೆ ಗತಿಯೇನು, ಅಂದು ಮಳೆ ಬಂದರೆ ಏನು ಎಂಬ ಎರಡನೆಯ ಲೆಕ್ಕವೂ ಪಕ್ಕದಲ್ಲೇ ಇರಬೇಕು. ನಷ್ಟವಾದರೆ ಅದನ್ನು ತುಂಬುವವರು ಯಾರೆಂದು ಕೇಳಿದಾಗ ಸಭೆ ಮೌನವಾದರೆ, ಆ ಕಾರ್ಯಕ್ರಮ ಆ ಊರಿನ ಶಕ್ತಿಗೆ ಮೀರಿದ್ದು.

ಹಣ ಸೋರುವ ಇನ್ನೊಂದು ಜಾಗ ಟಿಕೆಟ್ ಪುಸ್ತಕ. ಹತ್ತಿಪ್ಪತ್ತು ಜನರಿಗೆ ಪುಸ್ತಕ ಹಂಚಿ, ಆಟ ಮುಗಿದು ತಿಂಗಳಾದರೂ ಪುಸ್ತಕವೂ ಹಣವೂ ಬಾರದೆ ಹೋಗುವುದು ಸಂಘಟಕರೆಲ್ಲರಿಗೂ ಗೊತ್ತಿರುವ ನೋವು. ಪ್ರತಿ ಪುಸ್ತಕಕ್ಕೆ ಸಂಖ್ಯೆ, ಪಡೆದವರ ಸಹಿ, ಪ್ರದರ್ಶನಕ್ಕೆ ಎರಡು ದಿನ ಮೊದಲು ಮಾರಾಟವಾಗದ ಟಿಕೆಟ್ ಹಿಂದಿರುಗಿಸುವ ನಿಯಮ ಇದ್ದರೆ ಸಾಕು, ಸ್ನೇಹವೂ ಉಳಿಯುತ್ತದೆ.

ಧ್ವನಿವರ್ಧಕದ ನಿಯಮವನ್ನೂ ಮರೆಯಬಾರದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಸಂಜೆ ಬೇಗ ಶುರುವಾಗಿ ಮುಗಿಯುವ ಕಾಲಮಿತಿ ಪ್ರಸಂಗ ಆರಿಸಿಕೊಂಡರೆ ಅನುಮತಿಯ ತೊಡಕು ಕಡಿಮೆ, ಮಕ್ಕಳು, ಮುದುಕರು ಕೂತು ನೋಡಿ ಹೊತ್ತಿಗೆ ಮನೆ ಸೇರಬಹುದು.

ಸ್ಮರಣ ಸಂಚಿಕೆಯ ಎರಡು ಮುಖ

ಶತಮಾನೋತ್ಸವ ಎಂದರೆ ಸ್ಮರಣ ಸಂಚಿಕೆ ಇರಲೇಬೇಕು. ಅಂಗಡಿ, ಸಹಕಾರ ಸಂಘ, ಗುತ್ತಿಗೆದಾರರು ಕೊಡುವ ಶುಭಾಶಯದ ಜಾಹೀರಾತಿನಿಂದ ಒಳ್ಳೆಯ ಮೊತ್ತ ಬರುತ್ತದೆ. ಆದರೆ ಬಣ್ಣದ ಹಾಳೆ, ದಪ್ಪ ರಟ್ಟು, ಸಾವಿರ ಪ್ರತಿ ಎಂದು ಬೆಳೆಸುತ್ತ ಹೋದರೆ ಜಾಹೀರಾತಿನ ಹಣವೆಲ್ಲ ಮುದ್ರಣಾಲಯಕ್ಕೆ ಹೋಗುತ್ತದೆ. ಜಾಹೀರಾತಿನ ಪುಟಗಳನ್ನು ಮಿತಿಯಲ್ಲಿಟ್ಟು ಉಳಿದ ಪುಟಗಳನ್ನು ಶಾಲೆಯ ಚರಿತ್ರೆಗೆ ಕೊಟ್ಟರೆ ಅದು ಊರಿನ ದಾಖಲೆಯಾಗುತ್ತದೆ. ಜಾಗ ಕೊಟ್ಟವರು ಯಾರು, ಮೊದಲ ದಾಖಲಾತಿ ಪುಸ್ತಕದಲ್ಲಿ ಯಾವ ಹೆಸರುಗಳಿವೆ, ಮೊದಲ ಹೆಣ್ಣುಮಗು ಎಂದು ಸೇರಿತು, ಮುಖ್ಯ ಶಿಕ್ಷಕರಾಗಿ ಯಾರು ಯಾರು ದುಡಿದರು ಎಂಬುದೆಲ್ಲ ಅಲ್ಲಿ ಉಳಿಯಲಿ. ಅಂಥ ಪುಸ್ತಕವನ್ನು ಮನೆಯವರು ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಹಳೆ ವಿದ್ಯಾರ್ಥಿಗಳ ವಿಳಾಸ ಹುಡುಕುವ ಕೆಲಸವೂ ಈ ನೆಪದಲ್ಲಿ ಆಗುತ್ತದೆ. ಮುಂದಿನ ಹತ್ತು ವರ್ಷಗಳ ದೇಣಿಗೆಗೆ ಆ ಪಟ್ಟಿಯೇ ಆಧಾರ.

ಓಟ, ಕೆಸರುಗದ್ದೆ, ಹಗ್ಗಜಗ್ಗಾಟ

ನಗರದ ಮ್ಯಾರಥಾನ್‌ಗಳನ್ನು ನೋಡಿ ಈಗ ಸಣ್ಣ ಪಟ್ಟಣಗಳಲ್ಲೂ ‘ಸೇವೆಗಾಗಿ ಓಟ’ ನಡೆಯುತ್ತಿದೆ. 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್, 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಸೇವಾ ಸಂಸ್ಥೆಗಳಿಗೆ ದೊಡ್ಡ ಮೊತ್ತ ತಂದುಕೊಟ್ಟಿವೆ. ಅಲ್ಲಿ ಹಣ ಬರುವ ಬಗೆ ಗಮನಿಸಬೇಕು. ಓಟದ ಖರ್ಚನ್ನು ಮುಖ್ಯವಾಗಿ ಪ್ರಾಯೋಜಕರು ನೋಡಿಕೊಳ್ಳುತ್ತಾರೆ. ಓಡುವವರು ತಾವು ಮೆಚ್ಚಿದ ಸಂಸ್ಥೆಯ ಹೆಸರು ಹೇಳಿ ಸ್ನೇಹಿತರು, ಸಹೋದ್ಯೋಗಿಗಳು, ನೆಂಟರಿಂದ ದೇಣಿಗೆ ಕೇಳುತ್ತಾರೆ. ಸೇವಾ ಸಂಸ್ಥೆಗೆ ಮುಟ್ಟುವುದು ಆ ದೇಣಿಗೆ. ಈ ವ್ಯವಸ್ಥೆಯನ್ನು ಬಿಟ್ಟು ಟೀಶರ್ಟು, ಪದಕ, ತಿಂಡಿಯನ್ನು ಮಾತ್ರ ಅನುಸರಿಸಿದರೆ ಪ್ರವೇಶ ಶುಲ್ಕ ಅವಕ್ಕೇ ಸರಿಹೋಗುತ್ತದೆ.

ಹಳ್ಳಿಗೆ ಹತ್ತಿರದ ದಾರಿಗಳಿವೆ. ಕೊಡಗು, ಕರಾವಳಿಯ ಕೆಸರುಗದ್ದೆ ಕ್ರೀಡಾಕೂಟಕ್ಕೆ ಬೇಕಾದದ್ದು ಮಳೆಗಾಲದ ಒಂದು ಗದ್ದೆ, ಒಪ್ಪುವ ಯಜಮಾನ ಮತ್ತು ಉತ್ಸಾಹದ ಯುವಕ ಸಂಘ. ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟದಲ್ಲಿ ತಂಡದ ಪ್ರವೇಶ ಶುಲ್ಕ, ಬಹುಮಾನದ ಪ್ರಾಯೋಜಕರು, ಊಟದ ಕೌಂಟರು ಇವು ಆದಾಯದ ಮೂಲ. ನಗದು ಬಹುಮಾನದ ಮೊತ್ತ ಏರಿಸುತ್ತ ಹೋಗುವುದೇ ಇಲ್ಲಿ ಅಪಾಯ. ದೂರದ ತಂಡಗಳು ಬಂದು ಬಹುಮಾನ ಗೆದ್ದು ಹೋದರೆ ಊರಿನ ಹಣ ಊರಾಚೆ ಹೋದಂತಾಯಿತು. ವಾರ್ಡುವಾರು, ಓದಿದ ವರ್ಷವಾರು ತಂಡ ಮಾಡಿ ಹಳೆ ವಿದ್ಯಾರ್ಥಿಗಳನ್ನು ಆಡಿಸಿದರೆ ಬಹುಮಾನ ಚಿಕ್ಕದಾದರೂ ನೋಡುವವರು ಹೆಚ್ಚು. ಯಾವ ಕ್ರೀಡೆಯಾದರೂ ಪ್ರಥಮ ಚಿಕಿತ್ಸೆ, ವಾಹನ, ಕುಡಿಯುವ ನೀರಿನ ಏರ್ಪಾಡಿಗೆ ಮೊದಲ ಹಣ ಎತ್ತಿಡಬೇಕು.

ವಸ್ತುವಿನ ರೂಪದ ಕೊಡುಗೆ

ಖರ್ಚು ಕಡಿಮೆ, ಪಾಲುಗೊಳ್ಳುವವರು ಹೆಚ್ಚು ಎಂಬ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಹಿಡಿಸುವುದು ಹೊರೆಕಾಣಿಕೆಯಂಥ ಪದ್ಧತಿ. ದೇವಸ್ಥಾನದ ಬ್ರಹ್ಮಕಲಶಕ್ಕೆ ಕರಾವಳಿಯ ಮನೆಗಳಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ, ಬಾಳೆಗೊನೆ ಬರುವಂತೆ ಶಾಲೆಗೂ ಬರಬಹುದು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹ ನಡೆದು ಬಂದದ್ದರಲ್ಲಿ ರೈತರು ತಂದು ಸುರಿದ ದವಸಧಾನ್ಯದ ಪಾಲು ದೊಡ್ಡದು. ನಗದು ಇಲ್ಲದ ಮನೆಯಲ್ಲೂ ಎರಡು ತೆಂಗಿನಕಾಯಿ ಇರುತ್ತದೆ, ಒಂದು ಸೇರು ಜೋಳ ಇರುತ್ತದೆ. ಅದನ್ನು ಕೊಟ್ಟವರು ಶಾಲೆ ತಮ್ಮದೂ ಹೌದೆಂದು ತಲೆಯೆತ್ತಿ ಹೇಳುತ್ತಾರೆ. ಐದು ಸಾವಿರ ಕೊಟ್ಟವರ ಹೆಸರು ಮಾತ್ರ ಮೈಕಿನಲ್ಲಿ ಕೂಗುವ ಸಭೆಯಲ್ಲಿ ಅವರಿಗೆ ಜಾಗವಿರುವುದಿಲ್ಲ.

ಬಂದ ವಸ್ತುವನ್ನು ಅಂದೇ ಶಾಲೆಯ ಅಂಗಳದಲ್ಲಿ ಹರಾಜು ಹಾಕುವುದು ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಜನರಿಗೆ ಒಗ್ಗಿದ ರೂಢಿ. ಒಂದು ಕುಂಬಳಕಾಯಿಗೆ ಪೇಟೆಯ ಬೆಲೆಗಿಂತ ಹತ್ತು ಪಟ್ಟು ಏರುವುದು, ಗೆದ್ದವರು ಅದನ್ನು ಮತ್ತೆ ಹರಾಜಿಗೇ ಬಿಡುವುದು ಇವೆಲ್ಲ ಕೊಡುವ ಸಂತೋಷದ ರೂಪಗಳು. ಇದಕ್ಕೆ ವೇದಿಕೆಯ ಖರ್ಚಿಲ್ಲ. ಅದೇ ಬಗೆಯಲ್ಲಿ ಮನೆಮನೆಯ ಹಳೆ ಪತ್ರಿಕೆ, ಗುಜರಿ ಕೂಡಿಸಿ ಮಾರುವುದು ಪಟ್ಟಣದ ಶಾಲೆಗಳಿಗೆ ಹೊಂದುತ್ತದೆ. ಶ್ರಮವೂ ಕಾಣಿಕೆಯೇ. ಗಾರೆಯವರು ಒಂದು ದಿನ, ಪೇಂಟರ್ ಎರಡು ದಿನ, ಎಲೆಕ್ಟ್ರಿಷಿಯನ್ ಅರ್ಧ ದಿನ ಕೊಟ್ಟರೆ ಅದರ ಕೂಲಿಯ ಬೆಲೆಯನ್ನೂ ಅವರ ಹೆಸರಿನ ಮುಂದೆ ಬರೆದು ಓದಬೇಕು.

ಆಹಾರ ಮೇಳ ಇಡುವವರು ಒಂದು ಮಾತು ಗಮನಿಸಲಿ. ರೊಟ್ಟಿ ಶೇಂಗಾ ಚಟ್ನಿಯೋ, ನೀರುದೋಸೆಯೋ, ಹೋಳಿಗೆಯೋ, ಅದರ ಹಿಂದೆ ತಾಯಂದಿರು ನಸುಕಿನಿಂದ ಒಲೆ ಮುಂದೆ ನಿಂತ ಹೊತ್ತಿರುತ್ತದೆ. ಆ ದುಡಿಮೆಗೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲದಿರುವುದರಿಂದಲೇ ಮೇಳದ ಲಾಭ ಹೆಚ್ಚಾಗಿ ಕಾಣುತ್ತದೆ. ದಿನಸಿಯ ಹಣ ಅವರ ಕೈಯಿಂದ ಹೋಗದಂತೆ ನೋಡಿಕೊಂಡು, ಕೂಡಿದ ಹಣ ಯಾವುದಕ್ಕೆ ಎಂಬ ತೀರ್ಮಾನದಲ್ಲೂ ಅವರನ್ನು ಕೂರಿಸಬೇಕು.

ಲಕ್ಕಿ ಡಿಪ್ ಏಕೆ ಬೇಡ

ಕೂಪನ್ ಮಾರಿ ಬೈಕು, ಫ್ರಿಜ್ಜು, ಚಿನ್ನದ ನಾಣ್ಯ ಬಹುಮಾನ ಇಡುವ ಲಕ್ಕಿ ಡಿಪ್ ಬಹಳ ಕಡೆ ಸುಲಭದ ದಾರಿಯಾಗಿ ಕಾಣುತ್ತದೆ. ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದು ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿ ಅಪರಾಧವಾಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಲ್ಲೂ ಅಪರಾಧವೇ. ಹಣ ಕೊಟ್ಟು ಕೂಪನ್ ಕೊಂಡವರಿಗೆ ಅದೃಷ್ಟದಿಂದ ಬಹುಮಾನ ಎಂಬ ಏರ್ಪಾಡು ಸೇವೆಯ ಹೆಸರಿನಲ್ಲಿ ನಡೆದರೂ ಆ ಕಾನೂನಿನ ಇಕ್ಕಟ್ಟಿಗೆ ಬರುತ್ತದೆ. ಅದರಾಚೆಗೂ ಒಂದು ಕಾರಣವಿದೆ. ಬಹುಮಾನದ ಆಸೆಗೆ ಕೊಟ್ಟವರು ಶಾಲೆಯನ್ನು ನೆನೆಯುವುದಿಲ್ಲ. ಬಹುಮಾನ ಸಿಕ್ಕವರ ಬಗ್ಗೆ ಸಂಶಯದ ಮಾತೆದ್ದರೆ ವರ್ಷಗಳ ವಿಶ್ವಾಸ ಒಂದೇ ಸಂಜೆಯಲ್ಲಿ ಕರಗುತ್ತದೆ.

ಮಕ್ಕಳ ಕೈಗೆ ರಸೀದಿ ಪುಸ್ತಕ ಬೇಡ

ಟಿಕೆಟ್, ಕೂಪನ್ ಪುಸ್ತಕವನ್ನು ಮಕ್ಕಳ ಚೀಲಕ್ಕೆ ಹಾಕಿ ಕಳಿಸುವ ಅಭ್ಯಾಸ ನಿಲ್ಲಬೇಕು. ಹತ್ತು ಟಿಕೆಟ್ ಮಾರಿದ ಮಗುವಿಗೆ ಚಪ್ಪಾಳೆ, ಮಾರಲಾಗದ ಮಗುವಿಗೆ ತಲೆತಗ್ಗಿಸುವ ಗಳಿಗೆ. ಕೊನೆಗೆ ಕೂಲಿ ಮಾಡುವ ಅಪ್ಪನೇ ಅಷ್ಟೂ ಟಿಕೆಟ್ ಕೊಳ್ಳುತ್ತಾನೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶದ ವೇಳೆ ದೇಣಿಗೆ ವಸೂಲಿ ಮಾಡಿದರೆ ಪಡೆದ ಮೊತ್ತದ 10 ಪಟ್ಟಿನವರೆಗೆ ದಂಡ ಹಾಕಲು ಅವಕಾಶವಿದೆ. ಕಾನೂನು ಹೇಳುವುದು ಪ್ರವೇಶದ ಮಾತನ್ನು. ನಮ್ಮ ಮನಸ್ಸಾಕ್ಷಿ ಅದನ್ನು ವರ್ಷವಿಡೀ ಪಾಲಿಸಬೇಕು.

2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಸಮಿತಿಗಳಿಗೆ ಅವಕಾಶ ಕೊಡುವ ಸುತ್ತೋಲೆ ಹೊರಬಂದು, ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಸ್ವಇಚ್ಛೆಯ ದೇಣಿಗೆ ಎಂದೇ ಅದರಲ್ಲಿತ್ತು. ಆದರೂ ತಮ್ಮ ಮಗು ಕೂತಿರುವ ತರಗತಿಯ ಶಿಕ್ಷಕರು ಕೇಳಿದಾಗ ಬೇಡ ಎನ್ನುವ ಸ್ವಾತಂತ್ರ್ಯ ತಂದೆತಾಯಿಗಳಿಗೆ ಎಷ್ಟರಮಟ್ಟಿಗೆ ಇರುತ್ತದೆ? ಕೇಳುವವರ ಕೈಯಲ್ಲಿ ಮಗುವಿನ ಅಂಕವೋ ಹಾಜರಿಯೋ ಇದ್ದರೆ ಆ ದೇಣಿಗೆ ಪೂರ್ತಿ ಮನಸ್ಸಿನದ್ದಲ್ಲ. ಶಿಕ್ಷಕರನ್ನು ಹಣ ಕೇಳುವ ಕೆಲಸದಿಂದ ದೂರ ಇಡುವುದು ಶಿಕ್ಷಕರಿಗೂ ಗೌರವ.

ಮಕ್ಕಳಿಗೆ ಪಾಲು ಬೇಡವೆಂದಲ್ಲ. ಮಕ್ಕಳ ಸಂತೆ, ಮೆಟ್ರಿಕ್ ಮೇಳ ನಮ್ಮ ಸರ್ಕಾರಿ ಶಾಲೆಗಳ ಅಂದದ ಚಟುವಟಿಕೆಗಳು. ಮನೆಯಲ್ಲಿ ಬೆಳೆದ ಸೊಪ್ಪು, ನಿಂಬೆಹಣ್ಣು ತಂದು ಮಾರುವ ಮಗು ಅಳತೆ, ಚಿಲ್ಲರೆ, ಮಾತಿನ ಜಾಣ್ಮೆ ಕಲಿಯುತ್ತದೆ. ಆ ಸಂತೆಯ ಲಾಭ ಮಗುವಿನದಾಗಿಯೇ ಉಳಿಯಲಿ. ಅದನ್ನೂ ಕಟ್ಟಡ ನಿಧಿಗೆ ಸೇರಿಸಿದರೆ ಪಾಠ ಹೋಗಿ ವಸೂಲಿ ಬರುತ್ತದೆ.

ರಸೀದಿ, ತೆರಿಗೆ, ಪರದೇಶದ ಹಣ

ಹಣ ಪಡೆಯುವವರು ಯಾರ ಹೆಸರಿನಲ್ಲಿ ಪಡೆಯುತ್ತಾರೆ ಎಂಬುದು ಮೊದಲೇ ಸ್ಪಷ್ಟವಿರಬೇಕು. ಹಳೆ ವಿದ್ಯಾರ್ಥಿ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡು, ಇಬ್ಬರ ಸಹಿಯ ಬ್ಯಾಂಕ್ ಖಾತೆ ತೆರೆದರೆ ಒಬ್ಬರ ಮೊಬೈಲಿಗೆ ಎಲ್ಲರ ಹಣ ಬೀಳುವ ಇಂದಿನ ಗೊಂದಲ ತಪ್ಪುತ್ತದೆ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಆಗಿರಲಿ.

ತೆರಿಗೆ ರಿಯಾಯಿತಿ ಸಿಗುತ್ತದೆಂದು ಹೇಳುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಜನ 80ಜಿ ಎಂದು ಕರೆಯುವ ಆ ರಿಯಾಯಿತಿ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಅನ್ವಯಿಸುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಆಟದ ಟಿಕೆಟ್ಟಿಗೂ ದೇಣಿಗೆಗೂ ಬೇರೆ ಬೇರೆ ಪುಸ್ತಕ ಇಟ್ಟರೆ ಮುಂದೆ ತೊಡಕಿಲ್ಲ.

ದುಬೈ, ಮಸ್ಕತ್, ಬಹರೇನ್, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಓದಿದ ಶಾಲೆಗೆ ಕೊಡಲು ಮುಂದೆ ಬರುವುದು ಸಾಮಾನ್ಯ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಒಸಿಐ ಕಾರ್ಡ್ ಹೊಂದಿದ್ದರೂ ಅವರ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. ಆ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಪ್ರೀತಿಯಿಂದ ಬಂದ ಹಣ ಸಂಘಕ್ಕೆ ಸಂಕಟ ತರದಿರಲು ಈ ವ್ಯತ್ಯಾಸ ತಿಳಿದಿರಬೇಕು.

ಒಬ್ಬರ ಕಷ್ಟಕ್ಕೆ ಕೂಡಿಸುವಾಗ

ಚಿಕಿತ್ಸೆಗೆ ಹಣ ಕೂಡಿಸುವುದು ಶಾಲೆಯ ನಿಧಿಗಿಂತ ಸೂಕ್ಷ್ಮ. ಇಲ್ಲಿ ದಿನಗಳು ಕಡಿಮೆ, ದೊಡ್ಡ ಕಾರ್ಯಕ್ರಮಕ್ಕೆ ಸಮಯವಿಲ್ಲ. ಉಡುಪಿ ಬಳಿಯ ಕಟಪಾಡಿಯ ಕಾರ್ಮಿಕ ರವಿ ಕಟಪಾಡಿ ಅವರು ಕೃಷ್ಣಾಷ್ಟಮಿಯಂದು ವೇಷ ಹಾಕಿ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಜನರಿಂದ ಹಣ ಕೂಡಿಸಿ ದೇಶಕ್ಕೆಲ್ಲ ಪರಿಚಿತರಾದರು. ಅಷ್ಟಮಿಗೆ ವೇಷ ಹಾಕುವುದು ಉಡುಪಿಯ ಹಳೆಯ ರೂಢಿ. ಜನ ಆ ದಿನ ಹೇಗೂ ಬೀದಿಯಲ್ಲಿರುತ್ತಾರೆ. ಹಣ ಯಾರಿಗೆಂದು ಜನರಿಗೆ ಗೊತ್ತಿರುತ್ತದೆ, ಕೂಡಿದ್ದು ನಾಲ್ಕು ಜನರೆದುರು ಕುಟುಂಬಗಳಿಗೆ ಸೇರುತ್ತದೆ. ಊರು ಬಲ್ಲ ಹಬ್ಬಕ್ಕೆ ಸೇವೆಯನ್ನು ಹೊಂದಿಸಿದ ಈ ಬಗೆಯನ್ನು ಪ್ರತಿ ಊರೂ ತನ್ನ ಹಬ್ಬ, ಜಾತ್ರೆ, ಉರುಸು, ಚರ್ಚಿನ ಸಾಂತ್‌ಮಾರಿಗಳಲ್ಲಿ ಹುಡುಕಿಕೊಳ್ಳಬಹುದು.

ಹಣ ಪಡೆಯುವವರ ಮಾನವನ್ನೂ ಕಾಯಬೇಕು. ಹಾಸಿಗೆ ಹಿಡಿದ ಮಗುವಿನ ಚಿತ್ರವನ್ನು ಫ್ಲೆಕ್ಸಿಗೆ ಹಾಕದೆಯೂ ಸಹಾಯ ಕೇಳಬಹುದು. ಆಸ್ಪತ್ರೆಯ ಖಾತೆಗೇ ನೇರವಾಗಿ ಹಣ ಕಟ್ಟುವುದು, ಅಗತ್ಯ ಮೀರಿ ಬಂದರೆ ಉಳಿದದ್ದು ಯಾರಿಗೆ ಎಂದು ಮೊದಲೇ ಬರೆದಿಡುವುದು, ವೇದಿಕೆಗೆ ಕರೆದು ನಿಲ್ಲಿಸದೆ ಮನೆಗೆ ಹೋಗಿ ಕೊಡುವುದು, ಇವಿಷ್ಟು ಮಾಡಿದರೆ ಕೊಟ್ಟವರಿಗೂ ಪಡೆದವರಿಗೂ ಗೌರವ ಉಳಿಯುತ್ತದೆ.

ಲೆಕ್ಕ ಒಪ್ಪಿಸುವುದೂ ಕಾರ್ಯಕ್ರಮದ ಭಾಗ

ಕಾರ್ಯಕ್ರಮದ ದಿನಾಂಕ ಗೊತ್ತುಮಾಡುವಾಗಲೇ ಲೆಕ್ಕ ಒಪ್ಪಿಸುವ ದಿನಾಂಕವನ್ನೂ ಗೊತ್ತುಮಾಡಿ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚುಹಾಕಿಸಬೇಕು. ಕಾರ್ಯಕ್ರಮ ಮುಗಿದ ಹದಿನೈದು ದಿನದೊಳಗೆ ಬಂದದ್ದು, ಹೋದದ್ದು, ಉಳಿದದ್ದು, ಇನ್ನೂ ಬರಬೇಕಾದದ್ದು ಎಂಬ ನಾಲ್ಕು ಸಾಲುಗಳನ್ನು ಶಾಲೆಯ ಸೂಚನಾ ಫಲಕದಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ಊರಿನ ವಾಟ್ಸ್‌ಆಪ್ ಗುಂಪಿನಲ್ಲಿ ಹಾಕಬೇಕು. ನಷ್ಟವಾಗಿದ್ದರೆ ಅದನ್ನೂ ಹಾಕಬೇಕು. ನಷ್ಟ ಮುಚ್ಚಿಟ್ಟ ಸಮಿತಿಯನ್ನು ಊರು ಮರೆಯುವುದಿಲ್ಲ. ನಷ್ಟ ಹೇಳಿದ ಸಮಿತಿಗೆ ಮುಂದಿನ ಸಲ ಕೈಜೋಡಿಸುವವರು ಹೆಚ್ಚುತ್ತಾರೆ.

ಟ್ಯಾಂಕು ಕೂತ ಮೇಲೆ, ನಲ್ಲಿಯಲ್ಲಿ ನೀರು ಬಂದ ಮೇಲೆ, ಹತ್ತು ರೂಪಾಯಿ ಕೊಟ್ಟವರನ್ನೂ ಹತ್ತು ಸಾವಿರ ಕೊಟ್ಟವರನ್ನೂ ಒಂದೇ ಪತ್ರದಲ್ಲಿ ಕರೆಯಬೇಕು. ಅದಕ್ಕೆ ಉದ್ಘಾಟಕರು ಬೇಡ, ಶಾಲು ಬೇಡ. ಮಕ್ಕಳು ಶಾಲೆ ತೋರಿಸಲಿ, ಮುಖ್ಯ ಶಿಕ್ಷಕರು ಮುಂದಿನ ಅಗತ್ಯ ಯಾವುದೆಂದು ಹೇಳಲಿ. ಈ ಸಲ ಆಟವಿಡಬೇಕೋ, ಹರಾಜು ಹಾಕಬೇಕೋ, ತಿಂಗಳ ಪಟ್ಟಿ ಮಾಡಬೇಕೋ ಎಂದು ಅಲ್ಲೇ ಊರನ್ನು ಕೇಳಲಿ. ಹಣ ಕೊಟ್ಟವರೇ ಕೂತು ಆರಿಸಿದ ಕಾರ್ಯಕ್ರಮಕ್ಕೆ ಪ್ರಚಾರ ಬೇಕಿಲ್ಲ, ಅದನ್ನು ಗೆಲ್ಲಿಸುವ ಹೊಣೆ ಅವರೇ ಹೊರುತ್ತಾರೆ. ನಮ್ಮ ಸಮಿತಿಗಳು ಈ ವರ್ಷ ಬದಲಾಯಿಸಬಹುದಾದ ಒಂದೇ ಒಂದು ಸಂಗತಿ ಇದ್ದರೆ ಅದು ಇದೇ: ಹೊಸ ರಸೀದಿ ಪುಸ್ತಕ ಅಚ್ಚುಹಾಕಿಸುವ ಮೊದಲು ಹಳೆಯ ಪುಸ್ತಕದ ಲೆಕ್ಕವನ್ನು ಊರ ಮುಂದೆ ಓದಿ ಮುಗಿಸುವುದು.